ತಂತಿಮನೆಯಲ್ಲಿ ಫೋನ್ ಎತ್ತಿದ್ದು ಯಾರು

ನಾರಿನ್,
ಮಾರ್ಚ್ 24, ಶನಿವಾರ

ಬೆರ್ಮೆತ್‌ಳ ಅಪ್ಪನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಮೊನ್ನೆ ಗುರುವಾರ ನಿಮ್ಮ ಧ್ವನಿ ಕೇಳಿದ್ದೇನೆ, ಗಟ್ಟಿಮುಟ್ಟಾಗಿಯೇ ಇದ್ದೀರಿ. ಈ ಪತ್ರವನ್ನು ಓಶ್‌ನಲ್ಲಿರುವ ನಿಮ್ಮ ಅಕ್ಕ ಕಾಲಿಪಾಳ ವಿಳಾಸಕ್ಕೆ ಹಾಕುತ್ತಿಲ್ಲ. ನೀವು ಎಲ್ಲಿ ಅಡಗಿ ಕೂತಿದ್ದೀರೆಂದು ನನಗೆ ಗೊತ್ತಾಗಿದೆ. ಹಿಮ ತೆಗೆಯುವ ಟ್ರ್ಯಾಕ್ಟರಿನ ಸಾಗಿನ್ ಸೋಮವಾರ ಘಾಟಿಗೆ ಹೋಗುತ್ತಾನೆ. ಮೊಯ್ನೋಕ್ ಘಾಟಿಯ ತಂತಿಮನೆಯ ಬಾಗಿಲು ತಟ್ಟಿ ಇದನ್ನು ನಿಮ್ಮ ಕೈಗೇ ಕೊಡುತ್ತಾನೆ. ಅವನು ಟ್ರ್ಯಾಕ್ಟರಿನಲ್ಲಿ ಕಾಯುತ್ತಾನೆ, ಅಲ್ಲೇ ನಿಂತು ಉತ್ತರ ಬರೆದುಕೊಡಿ.

ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನೀವು ಎಂಥ ನಾಟಕ ಆಡುತ್ತೀರೆಂದು ಕೇಳಿಯಾಯಿತು. ಕಾಗದದ ಮೇಲೆ ಸುಳ್ಳು ಬರೆಯುವುದಕ್ಕೆ ನಿಮಗೆ ಬರುವುದಿಲ್ಲ. ಅದು ನಿಮ್ಮಲ್ಲಿ ನನಗೆ ಇಷ್ಟವಾದ ಗುಣ, ಈಗ ಹೇಳಿಬಿಡುತ್ತೇನೆ, ಇನ್ನೊಮ್ಮೆ ಹೇಳುವ ಸಂದರ್ಭ ಬರುತ್ತದೋ ಇಲ್ಲವೋ.

ನನ್ನ ಬಿಟ್ಟಿ ಚಾಕರಿ ನಿಮಗೆ ನೆನಪಿದೆ ತಾನೇ? ಆ ಹೆಸರಿಟ್ಟವರು ನೀವೇ. ಇಂಟರ್ನೆಟ್ಟಿನ ಕೇಬಲ್‌ಗಳು ಯಾವ ಊರಿನ ಯಾವ ಕಟ್ಟಡದಲ್ಲಿ ಒಂದಕ್ಕೊಂದು ಕೂಡುತ್ತವೆ, ಯಾರದು ಯಾರಿಗೆ ಜೋಡಿಸಿದೆ, ಕೆಟ್ಟರೆ ಅಲ್ಲಿ ಯಾರನ್ನು ಕೇಳಬೇಕು, ಇದನ್ನೆಲ್ಲ ಎಲ್ಲರೂ ನೋಡುವಂತೆ ಬರೆದಿಟ್ಟ ಪಟ್ಟಿ. ಕಂಪನಿಗಳು ಬರೆಯುತ್ತವೆ, ಬರೆದು ಮರೆಯುತ್ತವೆ. ಬರೆದದ್ದು ನಿಜವೋ ಎಂದು ನನ್ನಂಥವರು ವರ್ಷಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತೇವೆ. "ಊರವರ ಮನೆ ಬಾಗಿಲು ಭದ್ರವಾಗಿದೆಯಾ ಅಂತ ನೋಡೋಕೆ ನಿನಗೆ ಯಾರು ಸಂಬಳ ಕೊಡ್ತಾರೆ?" ಎಂದು ಎಷ್ಟು ಸಲ ನಕ್ಕಿದ್ದೀರಿ. ಯಾರೂ ಕೊಡುವುದಿಲ್ಲ. ಆದರೂ ಮಾಡುತ್ತೇನೆ. ನಾರಿನ್ ಸೀಮೆಯದೆಲ್ಲ ನನ್ನ ಪಾಲಿಗೆ ಬಂದಿದೆ.

ಈ ವರ್ಷ, ಕೇಬಲ್‌ಗಳು ಕೂಡುವ, ನಿಮ್ಮಪ್ಪ ಕಾಯುತ್ತಿದ್ದ ಮೊಯ್ನೋಕ್ ತಂತಿಮನೆಯ ಸಾಲಿಗೆ ಬಂದೆ. ಅಲ್ಲಿ ಕೇಳಬೇಕಾದವರ ಜಾಗದಲ್ಲಿ ಇನ್ನೂ ಅವರ ಹೆಸರೇ ಇತ್ತು. ನವೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಕಂಪನಿಯವರು ಯಾರೂ ಅದನ್ನು ಮುಟ್ಟಿಲ್ಲ. ತೆಗೆದುಹಾಕೋಣವೆಂದುಕೊಂಡೆ. ಆದರೆ ನಮ್ಮಲ್ಲಿ ಒಂದು ಕಟ್ಟುಪಾಡಿದೆ: ಫೋನ್ ಮಾಡದೆ ಯಾರ ಹೆಸರನ್ನೂ ಅಳಿಸುವಂತಿಲ್ಲ. ಖಾಲಿ ಕೋಣೆಯಲ್ಲಿ ಒಮ್ಮೆ ರಿಂಗ್ ಆಗಲಿ, ಶಾಸ್ತ್ರ ಮುಗಿಯಲಿ ಎಂದು ನಂಬರ್ ಒತ್ತಿದೆ. ಗುರುವಾರ, ಮಧ್ಯಾಹ್ನದ ಚಹಾ ಕುಡಿದಾಗಿತ್ತು, ಹೊರಗೆ ಚೆನ್ನಾಗಿ ಬಿಸಿಲಿತ್ತು.

ಆ ಕಡೆ ಫೋನ್ ಎತ್ತಿದರು. ಮೊದಲು ಒಂದು ಕೆಮ್ಮು. ಆಮೇಲೆ, "ಹೂಂ, ಹೇಳು, ಕೇಳ್ತಾ ಇದೀನಿ."

ರೀ, ನನ್ನ ಜೀವ ಬಾಯಿಗೆ ಬಂತು. ನಿಮ್ಮಪ್ಪನ ಹೆಣದ ಬಳಿ, ಬಿಳಿ ಡೇರೆಯೊಳಗೆ, ಗೋಡೆಗೆ ಮುಖ ಮಾಡಿ ಕೂತು ಮೂರು ದಿನ ಶೋಕ ಹಾಡಿದವಳು ನಾನು. ಅದೇ ಕೆಮ್ಮು. ಫೋನ್ ಎಸೆದು ಅಂಗಳಕ್ಕೆ ಓಡಬೇಕೆನಿಸಿತು. ಆಗ ಥಟ್ಟನೆ ಹೊಳೆಯಿತು: ತಂತಿಮನೆಯ ಬೀಗದ ಕೈ ಇರುವುದು ಒಂದೇ. ಮಣ್ಣು ಮಾಡಿ ಬಂದ ದಿನ ಅದನ್ನು ಗೂಟದಿಂದ ತೆಗೆದು ಜೇಬಿಗೆ ಹಾಕಿಕೊಂಡವರು ನೀವು. ನನ್ನ ಕಡೆ ತಿರುಗಿಯೂ ನೋಡದೆ ಓಶ್ ಬಸ್ಸು ಹತ್ತಿದಿರಿ. ಜನವರಿಯಲ್ಲಿ ಕಾಲಿಪಾಳನ್ನು ವಿಚಾರಿಸಿದರೆ, "ಇಲ್ಲಿಲ್ಲ ಕಣೇ, ಎಲ್ಲಿ ಹೋದ್ನೋ, ನನ್ನನ್ನ ಕೇಳಬೇಡ" ಎಂದಳು. ಎಲ್ಲ ಸೇರಿಸಿ ನೋಡಿದರೆ ಇನ್ನೇನು ಉಳಿಯಿತು? ಬದುಕಿದ್ದಾಗ ಅಪ್ಪನ ಹತ್ತಿರ ಮಾತು ಬಿಟ್ಟ ಮಗ, ಸತ್ತ ಮೇಲೆ ಹೋಗಿ ಅವರ ಕುರ್ಚಿಯಲ್ಲಿ ಕೂತಿದ್ದಾನೆ. ಭಯ ಹೋಗಿ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂತು, ಅದನ್ನೂ ಬರೆಯುತ್ತೇನೆ.

ನಮ್ಮ ಕಟ್ಟುಪಾಡಿನ ಪ್ರಕಾರ ಪಟ್ಟಿಯಲ್ಲಿರುವ ಹೆಸರನ್ನು ನಾನು ಬಾಯಿಬಿಟ್ಟು ಹೇಳಬೇಕು, ಆ ಕಡೆಯವರು "ಹೌದು, ನಾನೇ" ಎನ್ನಬೇಕು. ಆಮೇಲೆಯೇ ಉಳಿದ ಮಾತು. ಆದರೆ ಸೊಸೆಯಾಗಿ ಬಂದವಳು ಮಾವನ ಹೆಸರು ಹಿಡಿಯುವುದುಂಟೇ? ನಿಮ್ಮ ಹೆಸರನ್ನೇ ಇಂದಿಗೂ ನಾಲಿಗೆಗೆ ತಂದವಳಲ್ಲ. ಅದಕ್ಕೆ, "ಅಲ್ಲಿರೋದು ಯಾರು?" ಎಂದಷ್ಟೇ ಕೇಳಿದೆ.

"ಇನ್ಯಾರು ಇರ್ತಾರೆ ಸೊಸೇ, ನಾನೇ."

ಆಗಲಿ, ಇವರ ಆಟವನ್ನು ಇವರಿಗೇ ಆಡಿಸೋಣವೆಂದು ಪಟ್ಟಿ ಓದತೊಡಗಿದೆ. ತೆರೆಕ್-ಬಾಶ್ ಹಳ್ಳಿಗೆ ಎರಡು ಕೇಬಲ್, ಒಂದು ಹೊಳೆಯ ಬದಿಯಲ್ಲಿ, ಇನ್ನೊಂದು ಗುಡ್ಡದ ಏಣಿನ ಮೇಲೆ, ಎಂದೆ. ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು.

"ಎರಡಿಲ್ಲ, ಒಂದೇ. ಹೊಳೆ ಬದೀದು ಶರತ್ಕಾಲದಲ್ಲೇ ದಂಡೆ ಕುಸಿದು ಹೋಯ್ತು. ಜನ ಮಾತಿಲ್ಲದೆ ಕೂರಬಾರದು ಅಂತ ಎರಡನ್ನೂ ಇಲ್ಲೇ ಗುಡ್ಡದ ಕೇಬಲ್ಲಿಗೆ ಕಟ್ಟಿದೀನಿ. ಹೇಳಬೇಕು ಹೇಳಬೇಕು ಅಂತಿದ್ದೆ, ಅಷ್ಟರಲ್ಲಿ ಎದೆ ಹಿಡ್ಕೊಳ್ತು. ಬರ್ಕೋ. ಒಂದೇ."

ನಾನು ಪೆನ್ನಿಗಾಗಿ ತಡಕಾಡಿದೆ. ಅವರು ಮತ್ತೆ, "ಬರ್ಕೊಂಡ್ಯಾ?" ಎಂದರು.

ಈ ಪತ್ರ ಬರೆಯುತ್ತಿರುವುದು ಅದಕ್ಕೇ. ಅದೇನು ದೊಡ್ಡ ವಿಷಯ ಎನ್ನಬೇಡಿ, ನೀವೂ ಕೇಬಲ್ ಕೆಲಸದವರೇ. ನಮ್ಮ ಬೆರ್ಮೆತ್ ಈಗ ಎಂಟು ತಿಂಗಳ ಬಸುರಿ. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ತಾತನಾಗುತ್ತಿದ್ದೀರಿ. ತೆರೆಕ್-ಬಾಶ್‌ನಲ್ಲಿ ಗಂಡನ ಮನೆಯಲ್ಲಿದ್ದಾಳೆ, ರಕ್ತದೊತ್ತಡ ಏರಿ ಕಾಲು ಊದಿದೆ. ಅಲ್ಲಿರುವುದು ಒಬ್ಬ ನರ್ಸ್ ಅಷ್ಟೇ. ಇಲ್ಲಿನ ಡಾಕ್ಟರು ಪರದೆಯ ಮೇಲೆ ನೋಡುತ್ತಾ ಹೇಳಿದಂತೆ ಅವಳು ಮಾಡುತ್ತಾಳೆ. ಹಳ್ಳಿಗೆ ಎರಡು ದಾರಿಯಲ್ಲಿ ಕೇಬಲ್ ಇದೆ, ಒಂದು ಹೋದರೆ ಇನ್ನೊಂದಿದೆ ಎಂದು ಪಟ್ಟಿ ಹೇಳುತ್ತದೆ, ಆ ಧೈರ್ಯದ ಮೇಲೆಯೇ ಹೆರಿಗೆ ಅಲ್ಲೇ ಆಗಲಿ ಎಂದು ಡಾಕ್ಟರು ಒಪ್ಪಿದ್ದಾರೆ. ಒಂದೇ ಇದ್ದರೆ ಅವಳನ್ನು ಕೆಳಗೆ ತರಬೇಕು.

ತರುವುದಾದರೂ ಹೇಗೆ? ಇದು ಹಿಮ ಜಾರುವ ಕಾಲ. ಹೋದ ವಾರವಷ್ಟೇ ಘಾಟಿಯಲ್ಲಿ ಕಲ್ಲಿದ್ದಲಿನ ಲಾರಿಯೊಂದನ್ನು ಹಿಮ ನುಂಗಿತು. ಡ್ರೈವರ್ ಬದುಕಿದ್ದೇ ಹೆಚ್ಚು. ನಿಮ್ಮ ಮಾತು ನಂಬಿ ಬಸುರಿಯನ್ನು ಆ ದಾರಿಗೆ ಇಳಿಸಿ, ಆಮೇಲೆ ನೀವು ತಮಾಷೆ ಮಾಡಿದ್ದೆಂದು ಗೊತ್ತಾದರೆ? ನಂಬದೆ ಅಲ್ಲೇ ಬಿಟ್ಟು, ಹೆರಿಗೆಯ ಹೊತ್ತಿಗೆ ಪರದೆ ಕಪ್ಪಾದರೆ? ಇಲ್ಲಿ ಕೂತು ಯಂತ್ರವನ್ನು ಕೇಳಿದರೆ ಎರಡೂ ದೀಪ ಉರಿಯುತ್ತಿವೆ ಎನ್ನುತ್ತದೆ. ಎರಡನ್ನೂ ಒಂದಕ್ಕೇ ಕಟ್ಟಿದ್ದರೆ ಹಾಗೆಯೇ ಉರಿಯುತ್ತವೆ. ಕಂಪನಿಯವರು ಮೇ ತಿಂಗಳಿಗೆ ಮೊದಲು ಹತ್ತುವುದಿಲ್ಲವಂತೆ. ಕಣ್ಣಾರೆ ನೋಡಿ ಹೇಳಬಲ್ಲವರು ಆ ಕೋಣೆಯೊಳಗೆ ಇರುವವರು ಮಾತ್ರ.

ಬಿಷ್‌ಕೆಕ್‌ನ ವೇನೆರಾಳಿಗೆ ತಿದ್ದುಪಡಿ ಕಳಿಸಿದೆ. ನಮ್ಮ ಬಿಟ್ಟಿ ಚಾಕರರಿಗೆಲ್ಲ ಅವಳೇ ಯಜಮಾನಿ, ಅವಳು ಒಪ್ಪದೆ ಪಟ್ಟಿಯಲ್ಲಿ ಒಂದಕ್ಷರ ಬದಲಾಗುವುದಿಲ್ಲ. ಕೂಡಲೇ ಫೋನ್ ಮಾಡಿದಳು.

"ಹೆಸರು ಹೇಳಿ ಕೇಳಿದ್ಯಾ?"

"ಇಲ್ಲ."

"ಯಾಕೆ, ಬಾಯಲ್ಲಿ ಏನಿತ್ತು?"

"ಮಾವ ಆಗ್ಬೇಕು ಅವರು."

"ಅಯ್ಯೋ ನಿನ್ನ! ಇಡೀ ಪ್ರಪಂಚಕ್ಕೆ ತೋರಿಸೋ ಪಟ್ಟಿ ಕಣೇ ಇದು, ನಿನ್ನ ಮದುವೆ ಚಪ್ಪರ ಅಲ್ಲ. ಮತ್ತೆ ಫೋನ್ ಮಾಡು, ಹೆಸರು ಹೇಳು, ಹೌದು ಅನ್ನಿಸ್ಕೋ. ತಿಂಗಳ ಕೊನೆಯೊಳಗೆ. ಇಲ್ಲಾಂದ್ರೆ ಹಳೇದೇ ಇರುತ್ತೆ."

ಅವರು ತೀರಿಕೊಂಡಿದ್ದಾರೆಂದು ವೇನೆರಾಳಿಗೆ ನಾನು ಹೇಳಲಿಲ್ಲ. ಹೇಳಿದರೆ ಆ ತಿದ್ದುಪಡಿ ಅಲ್ಲೇ ಕಸದ ಬುಟ್ಟಿ ಸೇರುತ್ತಿತ್ತು. ನೀವು ಬರೆದುಕೊಟ್ಟರೆ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಈಗ ಇನ್ನೊಂದು ವಿಷಯ. ಬರೆಯಲೋ ಬೇಡವೋ ಎಂದು ಮೂರು ಸಲ ಪೆನ್ನು ಕೆಳಗಿಟ್ಟೆ. ನಿಮ್ಮ ನಾಟಕದಲ್ಲಿ ಕೆಲವು ಕಡೆ ನನಗೆ ಲೆಕ್ಕ ಹತ್ತುತ್ತಿಲ್ಲ.

ಮಾತಿನ ನಡುವೆ ನಾಯಿ ಬೊಗಳಿತು. ನಿಮ್ಮಪ್ಪನ ಆ ಕುಂಟು ನಾಯಿಯ ಒಡಕು ದನಿಯೇ. ಅದನ್ನು ನಾವು ಸಾಗಿನ್‌ಗೆ ಕೊಟ್ಟೆವಲ್ಲ, ಅವನ ಅಂಗಳದಲ್ಲೇ ಇದೆ, ದಿನಾ ನೋಡುತ್ತೇನೆ. ನೀವು ಬೇರೆ ನಾಯಿ ಸಾಕಿಕೊಂಡಿರಬೇಕು. ಆದರೂ ಫೋನ್ ಇಟ್ಟವಳು ಸಾಗಿನ್‌ನ ಬೇಲಿಯ ತನಕ ಹೋದೆ. ನಾಯಿ ಘಾಟಿಯ ಕಡೆ ಮುಖ ಮಾಡಿ ಕೂತಿತ್ತು. ಬಾಲ ಅಲ್ಲಾಡಿಸುತ್ತಿತ್ತು. "ಇವತ್ತು ಬೆಳಗ್ಗೆಯಿಂದ ಹಿಂಗೇ ಕೂತಿದೆ ಅಕ್ಕಾ, ಮೂಳೆ ಹಾಕಿದ್ರೂ ಮೂಸ್ತಾ ಇಲ್ಲ" ಎಂದ ಸಾಗಿನ್.

ಆಮೇಲೆ ಅವರು, ಅಂದರೆ ನೀವು, "ಮೆಲಿಸ್ ಬಂದ್ನಾ?" ಎಂದು ಕೇಳಿದಿರಿ. ಎಷ್ಟು ಮೆಲ್ಲಗೆ ಕೇಳಿದಿರಿ! ನಿಮ್ಮ ಬಗ್ಗೆ ನೀವೇ ಹಾಗೆ ಕೇಳಿಕೊಳ್ಳುವಷ್ಟು ಗಟ್ಟಿ ನಟರು ನೀವೆಂದು ನನಗೆ ಗೊತ್ತಿರಲಿಲ್ಲ. ಬಂದಿಲ್ಲ ಎಂದೆ. "ಬರ್ತಾನೆ, ಅವನದು ಯಾವಾಗ್ಲೂ ತಡ" ಎಂದಿರಿ.

ಕೊನೆಯದು ಇದು. ಗುರುವಾರ ತೀರಿಕೊಂಡವರ ಹೆಸರಿನಲ್ಲಿ ಎಣ್ಣೆ ಕಾಯಿಸಿ ತೊಕೊಚ್ ರೊಟ್ಟಿ ಕರಿಯುತ್ತೇವಲ್ಲ, ವಾಸನೆ ಅವರಿಗೆ ಮುಟ್ಟಲಿ ಎಂದು. ನವೆಂಬರಿನಿಂದ ಒಂದು ಗುರುವಾರವನ್ನೂ ತಪ್ಪಿಸಿಲ್ಲ. ಮೊನ್ನೆ ವಸಂತದ ಹಬ್ಬದ ಮಾರನೆಯ ದಿನ, ಡಬ್ಬದ ತಳದಲ್ಲಿದ್ದ ಎಣ್ಣೆಯಲ್ಲೇ ಹೇಗೋ ನಾಲ್ಕು ಬೇಯಿಸಿದೆ, ಅಂಚು ಸೀದಿತ್ತು. ಅಡುಗೆಮನೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಫೋನ್ ಇಡುವ ಮುಂಚೆ ನೀವು ನಗುತ್ತಾ ಏನು ಹೇಳಿದಿರಿ?

"ಇವತ್ತು ಎಣ್ಣೆ ಕಮ್ಮಿ ಆಯ್ತು ಸೊಸೇ. ಸೀದ ವಾಸನೆ ಬಂತು."

ಗುರುವಾರ ಎಂದು ನಿಮಗೆ ಗೊತ್ತಿರುತ್ತದೆ, ಸರಿ. ಕರಿಯುತ್ತೇನೆಂದೂ ಗೊತ್ತು, ಒಪ್ಪಿದೆ. ಎಣ್ಣೆ ಕಡಿಮೆಯಾದದ್ದು ಘಾಟಿಯ ಮೇಲಿರುವ ನಿಮಗೆ ಹೇಗೆ ಗೊತ್ತಾಯಿತು? ಹಬ್ಬ ಮುಗಿದ ಮೇಲೆ ಯಾರ ಮನೆಯಲ್ಲಿ ಎಣ್ಣೆ ಉಳಿದಿರುತ್ತದೆ ಎಂದು ಊಹಿಸಿ ಬಾಯಿಗೆ ಬಂದದ್ದು ಹೇಳಿರಬೇಕು. ಹಾಗೆಂದೇ ನಂಬಿದ್ದೇನೆ. ನೀವೂ ಹಾಗೆಂದೇ ಬರೆಯಿರಿ.

ಮೂರು ವರ್ಷದ ಹಿಂದೆ, ಆ ಮುದುಕರನ್ನು ಘಾಟಿಯಿಂದ ಇಳಿಸಿ ಕರೆತರಬೇಕೆಂದು ನೀವು ಹಟ ಹಿಡಿದಾಗ, ಅವರ ಇಷ್ಟದಂತೆ ಇರಲಿ ಬಿಡಿ ಎಂದಿದ್ದೆ. "ನೀನು ನನ್ನ ಹೆಂಡ್ತಿಯೋ, ಅವನ ಸೊಸೆಯೋ?" ಎಂದು ಬಾಗಿಲು ಬಡಿದು ಹೊರಟಿರಿ. ಆ ಜಗಳವನ್ನು ಮತ್ತೆ ತೆಗೆಯುವುದಿಲ್ಲ. ಎರಡು ಸಾಲು ಸಾಕು: ಗುರುವಾರ ಮಾತಾಡಿದ್ದು ನಾನು; ಕೇಬಲ್ ಕಣ್ಣಾರೆ ನೋಡಿದ್ದೇನೆ, ಒಂದೇ ಇದೆ. ಇಷ್ಟು ಬರೆದು ಸಾಗಿನ್ ಕೈಗೆ ಕೊಡಿ. ಜೊತೆಗೆ ಉಣ್ಣೆಯ ಕಾಲುಚೀಲ, ಒಣಮೊಸರಿನ ಉಂಡೆ, ಒಂದು ಪೊಟ್ಟಣ ಚಹಾಪುಡಿ ಇಟ್ಟಿದ್ದೇನೆ. ಮನಸ್ಸಿದ್ದರೆ ಟ್ರ್ಯಾಕ್ಟರು ಹತ್ತಿ ನೀವೂ ಬನ್ನಿ. ಒಲೆ ಉರಿಯುತ್ತಿರುತ್ತದೆ.

ಬೇಡಿಕೊಳ್ಳುತ್ತೇನೆ, ನೀವೇ ಎಂದು ಬರೆಯಿರಿ.

ಬೆರ್ಮೆತ್‌ಳ ಅಮ್ಮ,
ಗುಲ್ಸುನ್

ಮತ್ತೆ ಬರೆದದ್ದು (ಏಪ್ರಿಲ್ 3)

ಮೇಲಿನದನ್ನು ಹರಿಯದೆ ಅದೇ ಪತ್ರವನ್ನು ಈಗ ಓಶ್‌ಗೆ ಕಳಿಸುತ್ತಿದ್ದೇನೆ. ಸಾಗಿನ್ ಅದನ್ನು ಒಡೆಯದೆ ಹಾಗೇ ವಾಪಸ್ಸು ತಂದ. ಕಾಲುಚೀಲವನ್ನೂ. "ಅಕ್ಕಾ, ಬಾಗಿಲು ಕಾಣೋಕೇ ಸಲಿಕೆ ಹಿಡೀಬೇಕಾಯ್ತು. ಬೀಗ ಹೆಪ್ಪುಗಟ್ಟಿದೆ. ಚಳಿಗಾಲದಿಂದ ಅಲ್ಲಿಗೆ ನರಪಿಳ್ಳೆ ಬಂದಿಲ್ಲ, ಒಂದು ನರಿ ಹೆಜ್ಜೇನೂ ಇಲ್ಲ" ಎಂದ. ಅವನ ತುಟಿ ಬೆಳ್ಳಗಾಗಿತ್ತು. ಒಳಗೆ ಫೋನ್ ಪಕ್ಕದ ಲೋಟದಿಂದ ಹಬೆ ಏಳುತ್ತಿದ್ದುದನ್ನು ಕಿಟಕಿಯಿಂದ ಕಂಡೆನೆಂದು ಅವನು ಹೇಳಿದ್ದು ಮಾರನೆಯ ದಿನ, ಅದೂ ತನ್ನ ಹೆಂಡತಿಯ ಹತ್ತಿರ; ಅವಳು ನನಗೆ ಹೇಳಿದಳು.

ಸಾಗಿನ್ ವಾಪಸ್ಸು ಬಂದ ಸಂಜೆಯೇ ಕಾಲಿಪಾಳಿಗೆ ಫೋನ್ ಮಾಡಿ, ನಿನ್ನ ತಮ್ಮ ಎಲ್ಲಿ, ನಿಜ ಹೇಳು ಎಂದು ಅತ್ತೆ. ಪಾಪ, ಅವಳೂ ಅತ್ತಳು. ಜನವರಿಯಿಂದ ನೀವು ಅವಳ ಮನೆಯಲ್ಲೇ ಇದ್ದೀರಂತೆ, ಕಂಬದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು. ನನಗೆ ಹೇಳಬೇಡವೆಂದು ಆಣೆ ಹಾಕಿಸಿದಿರಂತೆ. ಬೀಗದ ಕೈ ನಿಮ್ಮ ದಿಂಬಿನ ಕೆಳಗೇ ಇದೆಯಂತೆ. ನಿಮ್ಮನ್ನು ಬೈಯುವುದು ಬೇಕಾದಷ್ಟಿದೆ, ಅದು ಎದುರಿಗೆ.

ಹಾಗಾದರೆ ಗುರುವಾರ ಮಾತಾಡಿದ್ದು ನೀವಲ್ಲ. ಬರೆದುಕೊಡುವವರು ಯಾರೂ ಇರಲಿಲ್ಲ. ತಿಂಗಳ ಕೊನೆಯ ದಿನ ಬಂತು. ಬೆರ್ಮೆತ್‌ಳ ಕಾಲಿನ ಊತ ಮೊಣಕಾಲಿಗೆ ಏರಿತ್ತು. ಬಾಗಿಲಿಗೆ ಅಗಳಿ ಹಾಕಿ, ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು, ನಿಂತೇ ನಂಬರ್ ಒತ್ತಿದೆ. ಮೊದಲು ಕೆಮ್ಮು. ಈ ಮನೆಗೆ ಬಂದ ಮೇಲೆ ಮೊದಲ ಸಲ ಅವರ ಹೆಸರು ಹಿಡಿದೆ. ಬೈಗಾಜಿ ಎಂದರೆ ನೀವೇನಾ ಎಂದು ಕೇಳಿದೆ. ಬೈಯುತ್ತಾರೆಂದುಕೊಂಡೆ.

"ಹೌದಮ್ಮಾ, ನಾನೇ. ಒಂದೇ ಕೇಬಲ್. ಬರ್ಕೊಂಡ್ಯಾ?"

"ಬರ್ಕೊಂಡೆ ಮಾವ."

"ಹಾಗಾದ್ರೆ ನಾನಿನ್ನು ಹೊರಡ್ಲಾ?"

"ಹೋಗಿ ಬನ್ನಿ" ಎನ್ನುವಂತಿಲ್ಲವಲ್ಲ, "ಹೊರಡಿ ಮಾವ, ಹೋಗಿ ಮಲಗಿಕೊಳ್ಳಿ" ಎಂದೆ. ಅವರು ಹೊರಡಲಿಲ್ಲ. "ಇಲ್ಲಿ ಯಾರು ಕೂರ್ತಾರೆ? ಹೆಸರಿಲ್ಲದೆ ಜಾಗ ಬಿಡೋ ಹಾಗಿಲ್ಲ" ಎಂದರು. ಬಾಯಿಗೆ ಬಂದ ಹೆಸರು ಒಂದೇ. ಅದನ್ನೂ ಮೊದಲ ಸಲ ಹೇಳಿದೆ. ಅವರು "ಹೂಂ" ಎಂದು ಫೋನ್ ಇಟ್ಟರು.

ವೇನೆರಾ ತಿದ್ದುಪಡಿ ಒಪ್ಪಿದಳು. ಡಾಕ್ಟರು ಅದನ್ನು ನೋಡಿ ಆ ದಿನವೇ ಬೆರ್ಮೆತ್‌ಳನ್ನು ಕೆಳಗೆ ತರಿಸಿದರು. ಸಾಗಿನ್ ಮುಂದೆ ಹಿಮ ಕಡಿಯುತ್ತಾ, ಹಿಂದೆ ಜೀಪಿನಲ್ಲಿ ಅವಳು. ಅವರು ಘಾಟಿ ದಾಟಿ ಇಳಿದ ಮೇಲೆ ಗುಡ್ಡದ ಏಣಿನ ಹಿಮ ಜಾರಿ ಬಿತ್ತು. ಪರದೆಯ ಮೇಲೆ ತೆರೆಕ್-ಬಾಶ್‌ನ ಎರಡು ದೀಪಗಳೂ ಒಟ್ಟಿಗೇ ಆರಿದವು. ನಾನು ನೋಡುತ್ತಾ ಕೂತಿದ್ದೆ. ಭಾನುವಾರ ಹೆಣ್ಣು ಮಗು. ತಾಯಿಗೆ ಬಹಳ ಕಷ್ಟವಾಯಿತು, ಈಗ ಇಬ್ಬರೂ ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದಾರೆ.

ಪಟ್ಟಿಯಲ್ಲಿ ಈಗ ಮೊಯ್ನೋಕ್ ತಂತಿಮನೆಯ ಎದುರು ನಿಮ್ಮ ಹೆಸರಿದೆ. ಅಂದಿನಿಂದ ದಿನಾ ಫೋನ್ ಮಾಡಿ ನೋಡುತ್ತಿದ್ದೇನೆ, ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಕಾಲು ನೆಲಕ್ಕೆ ಊರಲು ಬಂದ ಕೂಡಲೇ ಬೀಗದ ಕೈ ತೆಗೆದುಕೊಂಡು ಬನ್ನಿ. ನೀವು ಬದುಕಿರುವಾಗಲೇ ಬಂದು ಎತ್ತಿ.